ಸುತ್ತು ಒಂದೇ, ಓಟ ಬೇರೆ

ಹಿಂಗಾರಿ ಜೋಳ ಕೊಯ್ಲಾಗಿ ತೆನೆಯೆಲ್ಲ ಕಣಕ್ಕೆ ಬಂದು ಬಿದ್ದಿದೆ. ಸಗಣಿ ಸಾರಿಸಿ ಗಟ್ಟಿ ಮಾಡಿದ ದುಂಡನೆಯ ಕಣ, ಅದರ ನಟ್ಟನಡುವೆ ನೆಟ್ಟ ಮೇಟಿ. ಮೇಟಿಯಿಂದ ಅಂಚಿನವರೆಗೆ ಕೊರಳಿಗೆ ಕೊರಳು ಸೇರಿಸಿ ಒಂದೇ ಸಾಲಿನಲ್ಲಿ ಐದು ಎತ್ತು ಕಟ್ಟಿದ್ದಾರೆ, ಇದೇ ಹಂತಿ. ಹಿಂದೆ ಬಾರುಕೋಲು ಹಿಡಿದವನು ಹಂತಿ ಪದ ಎತ್ತಿಕೊಂಡ ಕೂಡಲೇ ಸಾಲು ಹೊರಡುತ್ತದೆ. ಗೊರಸಿನ ಕೆಳಗೆ ತೆನೆ ನಲುಗಿ ಕಾಳು ಉದುರುತ್ತದೆ. ಮೇಟಿಯ ಮಗ್ಗುಲಿನ ಎತ್ತು ನಿಂತಲ್ಲೇ ತಿರುಗಿದ ಹಾಗೆ ಚೂರುಚೂರೇ ಕಾಲಿಡುತ್ತದೆ. ಅಂಚಿನ ಎತ್ತಿಗೆ ಮಾತ್ರ ಬಿಡುವಿಲ್ಲ, ಅದು ದಾಪುಗಾಲು ಹಾಕುತ್ತಲೇ ಇರಬೇಕು.

ಯಾವ ಎತ್ತನ್ನು ಎಲ್ಲಿ ಕಟ್ಟಬೇಕೆಂದು ಉತ್ತರ ಕರ್ನಾಟಕದ ರೈತರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಯಸ್ಸಾದದ್ದು, ಸುಸ್ತಾದದ್ದು ಮೇಟಿಯ ಬಳಿ; ಹುರುಪಿನ ಹೋರಿ ಹೊರಗೆ. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ಕಾಣುವುದೇ ಅಪರೂಪವಾಗಿದೆ. ಆದರೆ ಕಣದಲ್ಲಿ ಕಣ್ಣಿಗೆ ಕಾಣುತ್ತಿದ್ದ ಲೆಕ್ಕ ಎಲ್ಲೂ ಹೋಗಿಲ್ಲ. ಚಾವಣಿಯ ಫ್ಯಾನಿನಿಂದ ಗುಡ್ಡದ ಮೇಲಿನ ಗಾಳಿಯಂತ್ರದವರೆಗೆ, ಲಾರಿಯ ಹಿಂದಿನ ಅಚ್ಚಿನಿಂದ ಭೂಮಿಯವರೆಗೆ ತಿರುಗುವುದೆಲ್ಲ ಆ ಲೆಕ್ಕಕ್ಕೆ ಒಳಪಟ್ಟಿದೆ. ಪಿಯುಸಿಯಲ್ಲಿ ಅದನ್ನು ಸೂತ್ರವಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆತವರೇ ನಮ್ಮಲ್ಲಿ ಹೆಚ್ಚು. ಮರೆಯಬಾರದ ಸೂತ್ರ ಅದು.

ಎರಡು ಪ್ರಶ್ನೆ, ಎರಡು ವೇಗ

ಹಂತಿಯ ಐದು ಎತ್ತುಗಳಲ್ಲಿ ಯಾವುದು ವೇಗವಾಗಿ ಹೋಗುತ್ತಿದೆ? ಈ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಸರಿ.

ಸುತ್ತು ಎಣಿಸುವವನನ್ನು ಕೇಳಿದರೆ, ಎಲ್ಲವೂ ಒಂದೇ ವೇಗ ಎನ್ನುತ್ತಾನೆ. ಐದೂ ಒಟ್ಟಿಗೆ ಹೊರಟವು, ಒಟ್ಟಿಗೇ ಸುತ್ತು ಮುಗಿಸಿದವು. ಸಾಲು ಎಲ್ಲೂ ಮುರಿಯಲಿಲ್ಲ. ಇದು ತಿರುಗುವ ವೇಗ. ಇಷ್ಟು ಹೊತ್ತಿನಲ್ಲಿ ಎಷ್ಟು ಕೋನ ತಿರುಗಿತು ಎಂಬುದರ ಅಳತೆಯಾದ್ದರಿಂದ ಪಠ್ಯಪುಸ್ತಕಗಳು ಇದನ್ನು ಕೋನೀಯ ವೇಗ ಎನ್ನುತ್ತವೆ. ಮೋಟರಿನ ಮೇಲೆ ನಿಮಿಷಕ್ಕೆ ಇಷ್ಟು ಸುತ್ತು ಎಂದು ಬರೆದಿರುವ ‘ಆರ್‌ಪಿಎಂ’ ಕೂಡ ಇದೇ.

ಹೆಜ್ಜೆ ಅಳೆಯುವವನು ಬೇರೆ ಮಾತು ಹೇಳುತ್ತಾನೆ. ಒಳಗಿನ ಎತ್ತು ಮೇಟಿಯಿಂದ ಒಂದೂವರೆ ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಒಂದು ಸುತ್ತಿಗೆ ಅದು ನಡೆಯುವುದು 9.4 ಮೀಟರ್. ನಾಲ್ಕೂವರೆ ಮೀಟರ್ ದೂರದ ಅಂಚಿನ ಎತ್ತು ಅದೇ ಸುತ್ತಿಗೆ 28.3 ಮೀಟರ್ ನಡೆಯಬೇಕು. ಸುತ್ತಿಗೆ ಅರ್ಧ ನಿಮಿಷ ಹಿಡಿದರೆ ಒಳಗಿನದು ಸೆಕೆಂಡಿಗೆ ಸುಮಾರು ಒಂದಡಿ ಸಾಗುತ್ತದೆ, ಹೊರಗಿನದು ಮೂರಡಿ. ನೆಲದ ಮೇಲೆ ಸಾಗುವ ಈ ವೇಗವೇ ರೇಖೀಯ ವೇಗ.

ದೂರ ಮೂರು ಪಟ್ಟಾದಾಗ ಓಟವೂ ಸರಿಯಾಗಿ ಮೂರು ಪಟ್ಟಾಯಿತು. ನಡುವಿನ ಎತ್ತುಗಳೂ ಇದೇ ಅನುಪಾತದಲ್ಲಿ ಹಂಚಿಕೊಂಡಿವೆ. ಮೇಟಿಯಿಂದ ಒಂದೊಂದು ಮೀಟರ್ ಹೊರಕ್ಕೆ ಸರಿದಂತೆಲ್ಲ ಸುತ್ತಿಗೆ ಸುಮಾರು ಆರೂಕಾಲು ಮೀಟರ್ ಹೆಚ್ಚು ನಡೆಯಬೇಕು. ಕಣ ಸಣ್ಣದಿರಲಿ, ದೊಡ್ಡದಿರಲಿ, ಈ ಆರೂಕಾಲು ಬದಲಾಗುವುದಿಲ್ಲ. ಕ್ರೀಡಾಂಗಣದ ಓಟದಲ್ಲಿ ಹೊರಗಿನ ಲೇನಿನವರನ್ನು ಮುಂದಕ್ಕೆ ನಿಲ್ಲಿಸಿ ಓಡಿಸುವುದೂ ಇದಕ್ಕೇ.

ಆರೂಕಾಲರ ಗುಟ್ಟು

ವೃತ್ತದ ತ್ರಿಜ್ಯದಷ್ಟೇ ಉದ್ದದ ಹಗ್ಗ ತೆಗೆದುಕೊಂಡು ಅದನ್ನು ಪರಿಧಿಯ ಮೇಲೆ ಬಾಗಿಸಿ ಹಾಸಿ. ಹಗ್ಗದ ಎರಡು ತುದಿಗಳು ಕೇಂದ್ರದಲ್ಲಿ ಮಾಡುವ ಕೋನಕ್ಕೆ ಒಂದು ರೇಡಿಯನ್ ಎಂದು ಹೆಸರು. ಡಿಗ್ರಿಯಲ್ಲಿ ಹೇಳಿದರೆ 57.3ರಷ್ಟು. ಇಂಥ ಹಗ್ಗಗಳು ಪರಿಧಿಯ ತುಂಬ 6.28 ಹಿಡಿಯುತ್ತವೆ, ಪೈನ ಎರಡರಷ್ಟು. ಕಣದ ಆರೂಕಾಲು ಬಂದದ್ದು ಇಲ್ಲಿಂದಲೇ.

ಡಿಗ್ರಿ ಇರುವಾಗ ರೇಡಿಯನ್ ಯಾಕೆ ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ವೃತ್ತಕ್ಕೆ 360 ಡಿಗ್ರಿ ಎಂಬುದು ಮನುಷ್ಯ ಮಾಡಿಕೊಂಡ ಹಂಚಿಕೆ. ರೇಡಿಯನ್ ವೃತ್ತದ ಒಳಗಿನಿಂದಲೇ ಹುಟ್ಟಿದ್ದು. ಒಂದು ರೇಡಿಯನ್ ತಿರುಗಿದರೆ ಅಂಚು ಒಂದು ತ್ರಿಜ್ಯದಷ್ಟು ಸಾಗಿತು, ಎರಡು ರೇಡಿಯನ್ ತಿರುಗಿದರೆ ಎರಡು ತ್ರಿಜ್ಯದಷ್ಟು. ಹಾಗಾಗಿ ತಿರುಗುವ ವೇಗವನ್ನು ರೇಡಿಯನ್ನಿನಲ್ಲಿ ಅಳೆದರೆ ಲೆಕ್ಕ ಒಂದೇ ಗುಣಾಕಾರಕ್ಕೆ ಇಳಿಯುತ್ತದೆ: ರೇಖೀಯ ವೇಗ ಎಂದರೆ ತ್ರಿಜ್ಯ ಗುಣಿಸು ಕೋನೀಯ ವೇಗ. ಇಷ್ಟೇ ಸೂತ್ರ. ಎಷ್ಟು ಸುತ್ತು ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಂತೆ; ಕೇಂದ್ರದಿಂದ ಎಷ್ಟು ದೂರ ಎಂದು ಕೇಳಿದಾಗಲೇ ಪೂರ್ತಿ ಉತ್ತರ.

ನಿಧಾನವಾಗಿ ಕಾಣುವ ಗಾಳಿಯಂತ್ರ

ಚಿತ್ರದುರ್ಗದ ಹೆದ್ದಾರಿಯಲ್ಲೋ ಗದಗದ ಕಡೆಯೋ ಹೋಗುವಾಗ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸೋಮಾರಿತನದಿಂದ ತಿರುಗುತ್ತಿರುವಂತೆ ಕಾಣುತ್ತವೆ. ಕೂತು ಎಣಿಸಬಹುದಾದಷ್ಟು ನಿಧಾನ. ಅರವತ್ತು ಮೀಟರ್ ಉದ್ದದ ರೆಕ್ಕೆಯುಳ್ಳ ಯಂತ್ರ ನಿಮಿಷಕ್ಕೆ ಹದಿಮೂರು ಸುತ್ತು ಹಾಕುತ್ತಿದೆ ಎನ್ನೋಣ. ಮನೆಯ ಚಾವಣಿಯ ಫ್ಯಾನು ಅದೇ ನಿಮಿಷದಲ್ಲಿ ಸುಮಾರು 350 ಸುತ್ತು ಹಾಕಿರುತ್ತದೆ.

ಈಗ ತುದಿಗಳ ವೇಗ ನೋಡಿ. ನಾಲ್ಕಡಿ ಅಗಲಕ್ಕೆ ತಿರುಗುವ ಫ್ಯಾನಿನ ರೆಕ್ಕೆಯ ತುದಿ ಗಂಟೆಗೆ 80 ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಗಾಳಿಯಂತ್ರದ ರೆಕ್ಕೆಯ ತುದಿ ಗಂಟೆಗೆ 290 ಕಿಲೋಮೀಟರ್ ದಾಟಿರುತ್ತದೆ. ಸುತ್ತಿನಲ್ಲಿ ಫ್ಯಾನು 27 ಪಟ್ಟು ಮುಂದಿದ್ದರೂ ಓಟದಲ್ಲಿ ಗಾಳಿಯಂತ್ರದ ಮೂರನೇ ಒಂದರಷ್ಟೂ ಇಲ್ಲ. ದೂರದಿಂದ ನೋಡುವ ನಮ್ಮ ಕಣ್ಣು ಸುತ್ತನ್ನು ಎಣಿಸುತ್ತದೆ, ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲೇ ಮೋಸ ಹೋಗುವುದು.

ಅದೇ ರೆಕ್ಕೆಯ ಬುಡಕ್ಕೆ ಬನ್ನಿ. ಕೇಂದ್ರದಿಂದ ಆರು ಮೀಟರ್ ದೂರದಲ್ಲಿ ವೇಗ ಗಂಟೆಗೆ 29 ಕಿಲೋಮೀಟರ್ ಮಾತ್ರ, ಸೈಕಲ್ಲನ್ನು ಜೋರಾಗಿ ತುಳಿದರೆ ಹೋಗುವಷ್ಟು. ಒಂದೇ ರೆಕ್ಕೆಯ ಒಂದು ತುದಿ ಸೈಕಲ್ಲಿನ ವೇಗದಲ್ಲಿದ್ದರೆ ಇನ್ನೊಂದು ತುದಿ ಬುಲೆಟ್ ರೈಲಿನ ವೇಗದಲ್ಲಿದೆ. ಎಂಜಿನಿಯರುಗಳಿಗೆ ತಲೆನೋವು ಶುರುವಾಗುವುದು ಇಲ್ಲಿಂದ. ಬೀಸುವ ಗಾಳಿ ರೆಕ್ಕೆಯ ಉದ್ದಕ್ಕೂ ಒಂದೇ ಆದರೂ, ರೆಕ್ಕೆ ತಾನೇ ಓಡುತ್ತಿರುವುದರಿಂದ ಅದಕ್ಕೆ ಗಾಳಿ ತಾಗುವ ದಿಕ್ಕು ಬುಡದಲ್ಲಿ ಒಂದು, ತುದಿಯಲ್ಲಿ ಇನ್ನೊಂದು. ಬುಡದಲ್ಲಿ ಗಾಳಿ ಹೆಚ್ಚುಕಡಿಮೆ ಓರೆಯಾಗಿ ಬಂದು ತಾಗುತ್ತದೆ. ತುದಿಯಲ್ಲಿ ನೇರ ಎದುರಿನಿಂದಲೇ ಬಂದಂತಿರುತ್ತದೆ. ಅದಕ್ಕಾಗಿಯೇ ರೆಕ್ಕೆಯನ್ನು ತಿರುಚಿ ಮಾಡುತ್ತಾರೆ. ಬುಡ ಅಗಲವಾಗಿ ಗಾಳಿಯತ್ತ ಹೆಚ್ಚು ಹೊರಳಿರುತ್ತದೆ, ತುದಿ ಸಣ್ಣಗಾಗಿ ತಾನು ಸುತ್ತುವ ಪಾತಳಿಗೆ ಬಹುಪಾಲು ಸಮವಾಗಿ ಮಲಗಿರುತ್ತದೆ. ಹೆದ್ದಾರಿಯಲ್ಲಿ ಉದ್ದುದ್ದದ ಟ್ರೇಲರಿನ ಮೇಲೆ ಇಂಥ ರೆಕ್ಕೆ ಸಾಗುವುದನ್ನು ಕಂಡರೆ ಆ ತಿರುಚನ್ನು ಗಮನಿಸಿ ನೋಡಿ.

ಯಂತ್ರ ದೊಡ್ಡದಾದಷ್ಟೂ ಮೆಲ್ಲಗೆ ತಿರುಗುವುದಕ್ಕೂ ಇದೇ ಕಾರಣ. ತುದಿಯ ವೇಗ ಮಿತಿ ಮೀರಿದರೆ ಸದ್ದು ಹೆಚ್ಚುತ್ತದೆ, ಮಳೆಹನಿಗಳೇ ರೆಕ್ಕೆಯ ಅಂಚನ್ನು ಕೊರೆಯತೊಡಗುತ್ತವೆ. ಹಾಗಾಗಿ ನೆಲದ ಮೇಲಿನ ಯಂತ್ರಗಳ ತುದಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 80–90 ಮೀಟರಿನೊಳಗೇ ಹಿಡಿದಿಡುತ್ತಾರೆ. ರೆಕ್ಕೆಯ ಉದ್ದ ಇಮ್ಮಡಿಯಾದರೆ ಸುತ್ತು ಅರ್ಧಕ್ಕೆ ಇಳಿಯಲೇಬೇಕು. ಇತ್ತ ಐವತ್ತು ಹರ್ಟ್ಜ್ ವಿದ್ಯುತ್ ಕೊಡುವ ಸಾಮಾನ್ಯ ಜನರೇಟರಿಗೆ ನಿಮಿಷಕ್ಕೆ 1,500ರಷ್ಟು ಸುತ್ತು ಬೇಕು. ಹದಿಮೂರನ್ನು ಒಂದೂವರೆ ಸಾವಿರಕ್ಕೆ ಏರಿಸಲು ಕಂಬದ ತುದಿಯ ಪೆಟ್ಟಿಗೆಯಲ್ಲಿ ಟನ್ನುಗಟ್ಟಲೆ ತೂಕದ ಗೇರ್‌ಬಾಕ್ಸ್ ಕೂರಬೇಕಾಗುತ್ತದೆ.

ಬೆಲ್ಟು ಬಿದ್ದಾಗ ಲೆಕ್ಕ ಅದಲುಬದಲು

ಹಿಟ್ಟಿನ ಗಿರಣಿಯಲ್ಲಿ ಇದೇ ಸೂತ್ರ ಮಗ್ಗುಲು ಬದಲಿಸುತ್ತದೆ. ಮೋಟರಿನ ಚಿಕ್ಕ ಪುಲ್ಲಿಯಿಂದ ಗಿರಣಿಯ ದೊಡ್ಡ ಪುಲ್ಲಿಗೆ ಬೆಲ್ಟು ಹಾಕಿರುತ್ತಾರೆ. ಬೆಲ್ಟು ಜಾರದಿದ್ದರೆ ಅದು ಎರಡೂ ಪುಲ್ಲಿಗಳ ಅಂಚಿನ ಮೇಲೆ ಒಂದೇ ವೇಗದಲ್ಲಿ ಹರಿಯುತ್ತದೆ. ಇಲ್ಲಿ ಓಟ ಒಂದೇ, ಸುತ್ತು ಬೇರೆ. ಐದಿಂಚಿನ ಪುಲ್ಲಿ ನಿಮಿಷಕ್ಕೆ 1,440 ಸುತ್ತು ತಿರುಗಿದರೆ ಹನ್ನೆರಡಿಂಚಿನದು 600 ಸುತ್ತಿಗೆ ಇಳಿಯುತ್ತದೆ. ಸುತ್ತು ಕಡಿಮೆಯಾದಷ್ಟು ತಿರುಗಿಸುವ ಬಲ ಹೆಚ್ಚುತ್ತದೆ. ಸೈಕಲ್ಲಿನ ಚೈನು ನಡೆಯುವುದೂ ಇದೇ ಲೆಕ್ಕದಲ್ಲಿ.

ಗಾಡಿಯ ಸ್ಪೀಡೋಮೀಟರಿಗೂ ರಸ್ತೆ ಕಾಣುವುದಿಲ್ಲ, ಅದು ಸುತ್ತನ್ನಷ್ಟೇ ಎಣಿಸಿ ಕಂಪನಿ ಹಾಕಿಕೊಟ್ಟ ಟೈರಿನ ಅಳತೆಯಿಂದ ಗುಣಿಸುತ್ತದೆ. ನೀವು ಅಂದಕ್ಕೆಂದು ದೊಡ್ಡ ಟೈರು ಹಾಕಿಸಿದರೆ ಮೀಟರು 80 ತೋರಿಸುವಾಗ ಗಾಡಿ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಟೈರು ಸವೆದರೆ ಇದರ ಉಲ್ಟಾ.

ತಿರುವಿನಲ್ಲಿ ಚಕ್ರಗಳು

ಕಾರು ಯೂ-ಟರ್ನ್ ತೆಗೆದುಕೊಳ್ಳುವಾಗ ಅದರ ನಾಲ್ಕು ಚಕ್ರಗಳೂ ಒಂದೇ ಕೇಂದ್ರದ ಸುತ್ತ ತಿರುಗುತ್ತವೆ. ಎಡ–ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ ಅರ್ಧ ಸುತ್ತಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ 4.7 ಮೀಟರ್ ಹೆಚ್ಚು ಉರುಳಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದುಬಿಟ್ಟರೆ ಒಂದಲ್ಲ ಒಂದು ಟೈರು ರಸ್ತೆಯ ಮೇಲೆ ಎಳೆದುಕೊಂಡೇ ಹೋಗಬೇಕಾಗುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1828ರಲ್ಲಿ ಉಗಿಬಂಡಿಗೆ ಇದಕ್ಕೊಂದು ಗೇರಿನ ಜೋಡಣೆ ತಂದರು. ಇವತ್ತು ಲಾರಿಯ ಹಿಂದಿನ ಅಚ್ಚಿನ ನಡುವೆ ಗುಂಡಗೆ ಉಬ್ಬಿರುವ ಭಾಗದೊಳಗೆ ಇರುವುದು ಅದರ ವಂಶದ್ದೇ, ಡಿಫರೆನ್ಷಿಯಲ್. ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಕೊಡುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ಉರುಳಲು ಅದು ಬಿಡುತ್ತದೆ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಒಂದು ಚಕ್ರ ಹೂತಾಗ ಚಾಲಕ ಡಿಫರೆನ್ಷಿಯಲ್ ಲಾಕ್ ಒತ್ತಿ ಎರಡನ್ನೂ ಒಂದು ಮಾಡುತ್ತಾನೆ. ಆ ಲಾಕ್ ಬಿಡದೆ ತಿರುವು ತೆಗೆಯಬಾರದು ಎನ್ನುವುದು ಇದೇ ಲೆಕ್ಕದಿಂದ ಬಂದ ಎಚ್ಚರಿಕೆ.

ರೈಲಿನ ದಾರಿ ಇನ್ನೂ ಸೊಗಸು. ರೈಲುಗಾಡಿಯ ಜೋಡಿ ಚಕ್ರಗಳನ್ನು ಒಂದೇ ಅಚ್ಚಿಗೆ ಬಿಗಿದು ಕೂರಿಸಿರುತ್ತಾರೆ. ಎರಡೂ ಯಾವಾಗಲೂ ಒಂದೇ ಸುತ್ತು ತಿರುಗಬೇಕು. ಹಾಗಾದರೆ ತಿರುವಿನಲ್ಲಿ? ಚಕ್ರದ ಹಳಿ ತಾಗುವ ಮೈಯನ್ನು ಗಮನಿಸಿದರೆ ಅದು ಸಪಾಟಾಗಿಲ್ಲ, ಒಳಬದಿಯಲ್ಲಿ ದಪ್ಪ, ಹೊರಬದಿಗೆ ತುಸು ಇಳಿಜಾರು. ತಿರುವಿಗೆ ಬಂದ ಕೂಡಲೇ ಜೋಡಿ ಹೊರಕ್ಕೆ ಒಂಚೂರು ಸರಿಯುತ್ತದೆ. ಆಗ ಹೊರಗಿನ ಚಕ್ರ ತನ್ನ ದಪ್ಪ ಭಾಗದ ಮೇಲೂ ಒಳಗಿನದು ತೆಳು ಭಾಗದ ಮೇಲೂ ಉರುಳುತ್ತವೆ. ಸುತ್ತು ಬದಲಾಯಿಸಲಾಗದ ಕಡೆ ತ್ರಿಜ್ಯವನ್ನೇ ಬದಲಾಯಿಸಿಕೊಂಡರು! ಮಿಲಿಮೀಟರುಗಳ ಲೆಕ್ಕದ ಈ ಇಳಿಜಾರು ಸಾವಿರಾರು ಟನ್ ತೂಕವನ್ನು ತಿರುವು ದಾಟಿಸುತ್ತದೆ ಎಂಬುದು ನನಗೆ ಯಾವತ್ತೂ ಬೆರಗೇ. ಆದರೆ ಇದಕ್ಕೂ ಮಿತಿಯಿದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಂಥ ಕಡಿದಾದ ತಿರುವುಗಳಲ್ಲಿ ಇಳಿಜಾರು ಸಾಲದೆ ಚಕ್ರ ಒಂದಷ್ಟು ಜಾರಲೇಬೇಕಾಗುತ್ತದೆ. ಅಂಥ ತಿರುವಿನಲ್ಲಿ ಕೇಳುವ ಕೀರಲು ಸದ್ದಿಗೆ ಇದೂ ಒಂದು ಕಾರಣ.

ಕೊನೆಯ ಹಾಡಿನ ಕಷ್ಟ

ಗ್ರಾಮಫೋನಿನ ದೊಡ್ಡ ತಟ್ಟೆ, 1948ರಲ್ಲಿ ಬಂದ ಎಲ್‌ಪಿ, ಆರಂಭದಿಂದ ಕೊನೆಯವರೆಗೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುತ್ತದೆ. ಅಂಚಿನ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಅರ್ಧ ಮೀಟರ್ ಹಾದುಹೋದರೆ ಒಳಗಿನ ಗೀರು ಇಪ್ಪತ್ತು ಸೆಂಟಿಮೀಟರಿನಷ್ಟೇ. ಅಷ್ಟೇ ಸಂಗೀತವನ್ನು ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೊರೆಯಬೇಕಾದ್ದರಿಂದ ಪ್ರತಿ ಬದಿಯ ಕೊನೆಯ ಹಾಡಿನ ಹೊಳಪು ಕುಂದುತ್ತದೆ. 1982ರಲ್ಲಿ ಬಂದ ಸಿಡಿ ಇದನ್ನು ತಲೆಕೆಳಗು ಮಾಡಿತು. ಅದು ಓಟವನ್ನು ಸೆಕೆಂಡಿಗೆ 1.2ರಿಂದ 1.4 ಮೀಟರಿನೊಳಗೆ ಸ್ಥಿರವಾಗಿಟ್ಟು ಸುತ್ತನ್ನು ಬದಲಿಸುತ್ತದೆ. ಒಳಗಿನಿಂದ ಓದಲು ಶುರುಮಾಡುವಾಗ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವ ಹೊತ್ತಿಗೆ 200.

ಬೀದರಿಗಿಂತ ಬೆಂಗಳೂರು ಮುಂದೆ

ನಾವು ಕೂತಿರುವ ಭೂಮಿಯೂ ತಿರುಗುತ್ತಿದೆ, ಸುಮಾರು 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಸಮಭಾಜಕದ ಮೇಲಿರುವವರು ಅದರ ಜೊತೆ ಗಂಟೆಗೆ 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಾರೆ. ಉತ್ತರಕ್ಕೆ ಹೋದಂತೆ ಭೂಮಿಯ ಅಕ್ಷದಿಂದ ಇರುವ ದೂರ ಕಡಿಮೆಯಾಗುತ್ತದೆ, ವೇಗವೂ ತಗ್ಗುತ್ತದೆ. ಬೆಂಗಳೂರಿಗರ ವೇಗ ಸುಮಾರು 1,630, ಬೀದರಿನವರದು ಸುಮಾರು 1,590. ಒಂದೇ ರಾಜ್ಯದೊಳಗೆ ಗಂಟೆಗೆ 40 ಕಿಲೋಮೀಟರಿನಷ್ಟು ವ್ಯತ್ಯಾಸ. ಧ್ರುವದಲ್ಲಿ ನಿಂತವರಿಗೆ ಓಟವೇ ಇಲ್ಲ, ನಿಂತಲ್ಲೇ ತಿರುಗುವುದಷ್ಟೇ.

ಭೂಮಿಯೇ ತಿರುಗುತ್ತದೆ ಎಂದು ಆರ್ಯಭಟ ಕ್ರಿ.ಶ. 499ರಲ್ಲಿ ಬರೆದಾಗ ವರಾಹಮಿಹಿರ ಒಪ್ಪಲಿಲ್ಲ. ಹಾಗಿದ್ದರೆ ಹಾರಿಹೋದ ಹಕ್ಕಿ ಗೂಡಿಗೆ ಮರಳುವುದು ಹೇಗೆ ಎಂಬುದು ಅವನ ಆಕ್ಷೇಪ. ಹಕ್ಕಿ, ಮರ, ಗೂಡು, ಸುತ್ತಲ ಗಾಳಿ ಎಲ್ಲಕ್ಕೂ ಆ ಊರಿನ ವೇಗ ಮೊದಲೇ ಬಂದಿರುತ್ತದೆ ಎಂಬುದು ಇದಕ್ಕೆ ಉತ್ತರ.

ಮೊದಲೇ ಬಂದಿರುವ ಈ ವೇಗವನ್ನು ಇಸ್ರೊ ಲೆಕ್ಕಕ್ಕೆ ಹಿಡಿಯುತ್ತದೆ. ಶ್ರೀಹರಿಕೋಟದಲ್ಲಿ ಅದು ಸೆಕೆಂಡಿಗೆ ಸುಮಾರು 450 ಮೀಟರ್. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ 7.8 ಕಿಲೋಮೀಟರಿನಷ್ಟು ವೇಗ ಬೇಕು. ಪೂರ್ವದ ಕಡೆ ಹಾರಿಸಿದ ರಾಕೆಟ್ಟಿಗೆ ಅದರಲ್ಲಿ ಇಷ್ಟು ಪಾಲು ಪುಕ್ಕಟೆಯಾಗಿ ಸಿಗುತ್ತದೆ. ದೂರಸಂವೇದಿ ಉಪಗ್ರಹ ಹೊತ್ತು ಧ್ರುವದ ಮೇಲಿನ ಕಕ್ಷೆಗಾಗಿ ದಕ್ಷಿಣಕ್ಕೆ ಏರುವ ಪಿಎಸ್‌ಎಲ್‌ವಿಗೆ ಈ ಸಹಾಯವಿಲ್ಲ.

ನಾಲ್ಕಿಂಚಿನ ಯಂತ್ರ, ಏಳಿಂಚಿನ ವೀಲ್

ಇಷ್ಟೆಲ್ಲ ಹೇಳಿದ ಮೇಲೆ ಈ ಸೂತ್ರ ಕೈ, ಕಣ್ಣು ಉಳಿಸುವ ಕಡೆಗೂ ಹೋಗಬೇಕು. ವೆಲ್ಡಿಂಗ್ ಅಂಗಡಿ, ಗೇಟು–ಕಿಟಕಿ ಮಾಡುವ ಜಾಗ, ಕಟ್ಟಡದ ಕೆಲಸ, ಎಲ್ಲೆಡೆ ಕೈಯಲ್ಲಿ ಹಿಡಿಯುವ ಗ್ರೈಂಡರ್ ಇದೆ. ನಾಲ್ಕಿಂಚಿನ ಗ್ರೈಂಡರ್ ಖಾಲಿ ಓಡುವಾಗ ನಿಮಿಷಕ್ಕೆ 11,000ದಷ್ಟು ಸುತ್ತು ತಿರುಗುತ್ತದೆ. ಆಗ ನಾಲ್ಕಿಂಚಿನ ಕಟಿಂಗ್ ವೀಲಿನ ಅಂಚು ಗಂಟೆಗೆ 200 ಕಿಲೋಮೀಟರ್ ದಾಟಿರುತ್ತದೆ.

ವೀಲಿನ ಚೀಟಿಯಲ್ಲಿ ಎರಡು ಸಂಖ್ಯೆ ಅಚ್ಚಾಗಿರುತ್ತವೆ. ಒಂದು, ಸೆಕೆಂಡಿಗೆ 80 ಮೀಟರ್. ಇದು ಅಂಚು ತಡೆಯಬಲ್ಲ ಗರಿಷ್ಠ ಓಟ. ಇನ್ನೊಂದು, ಆ ಓಟ ಮುಟ್ಟಲು ಆ ಅಳತೆಯ ವೀಲಿಗೆ ಎಷ್ಟು ಸುತ್ತು ಸಾಕು ಎಂಬ ಮಿತಿ. ನಾಲ್ಕಿಂಚಿನದರ ಮೇಲೆ ನಿಮಿಷಕ್ಕೆ 15,300 ಸುತ್ತು ಎಂದಿದ್ದರೆ ಏಳಿಂಚಿನದರ ಮೇಲೆ 8,500 ಎಂದಿರುತ್ತದೆ. ಗುಣಿಸಿ ನೋಡಿದರೆ ಎರಡೂ ಅದೇ 80 ಮೀಟರಿಗೆ ಬಂದು ನಿಲ್ಲುತ್ತವೆ.

ಆಳಕ್ಕೆ ಕತ್ತರಿಸಬೇಕಾದಾಗ ಗಾರ್ಡ್ ಬಿಚ್ಚಿ, ನಡುವಿನ ತೂತು ಹೊಂದದಿದ್ದರೆ ವಾಷರ್ ತುಂಬಿಸಿ ನಾಲ್ಕಿಂಚಿನ ಗ್ರೈಂಡರಿಗೆ ಏಳಿಂಚಿನ ವೀಲ್ ಹಾಕುವವರಿದ್ದಾರೆ. ಸುತ್ತು ಅದೇ 11,000. ಆದರೆ ಅಂಚಿನ ಓಟ ಸೆಕೆಂಡಿಗೆ 104 ಮೀಟರಿಗೆ ಏರಿತು, ಗಂಟೆಗೆ 370 ಕಿಲೋಮೀಟರಿಗೂ ಹೆಚ್ಚು. ವೀಲನ್ನು ಹೊರಕ್ಕೆ ಸೀಳಲು ನೋಡುವ ಎಳೆತ ಅಂಚಿನ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ನಾಲ್ಕಿಂಚಿನ ವೀಲಿನ ಮೇಲಿದ್ದುದರ ಮೂರು ಪಟ್ಟಿಗೂ ಹೆಚ್ಚು ಎಳೆತ ಈಗ ಏಳಿಂಚಿನದರ ಮೇಲಿದೆ, ತಡೆಯುವ ಗಾರ್ಡೂ ಇಲ್ಲ. ಸಿಡಿದ ಚೂರು ಅದೇ ವೇಗದಲ್ಲಿ ಮುಖದ ಕಡೆಗೋ ಪಕ್ಕದಲ್ಲಿ ನಿಂತವರ ಕಡೆಗೋ ಹಾರುತ್ತದೆ.

ಗ್ರೈಂಡರ್ ಹಿಡಿಯುವ ಅಣ್ಣತಮ್ಮಂದಿರಲ್ಲಿ, ಅವರಿಗೆ ಕೆಲಸ ಕೊಡುವ ಮಾಲೀಕರಲ್ಲಿ ಒಂದು ಕೋರಿಕೆ. ವೀಲ್ ಕೂರಿಸುವ ಮೊದಲು ಅದರ ಮೇಲಿನ ಸುತ್ತಿನ ಮಿತಿಯನ್ನೂ ಯಂತ್ರದ ಮೇಲಿನ ಸುತ್ತಿನ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ಓದಿ. ಯಂತ್ರದ ಸಂಖ್ಯೆ ಹೆಚ್ಚಿದ್ದರೆ ಆ ವೀಲ್ ಹಾಕಬೇಡಿ. ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿದ್ದರೆ ಅದನ್ನೂ ನೋಡಿ. ಗಾರ್ಡ್ ಬಿಚ್ಚಿದರಷ್ಟೇ ಕೂರುವ ವೀಲ್ ನಿಮ್ಮ ಯಂತ್ರದ್ದಲ್ಲ. ಅದನ್ನು ಅಂಗಡಿಗೆ ವಾಪಸ್ ಕೊಡಿ.